ಎಡಗೈಗೆ ಚುಚ್ಚಿದ ಸೂಜಿ

ಹೋದ ಸೋಮವಾರ ನನ್ನ ಮೊಮ್ಮಗಳು ಆಸ್ಪತ್ರೆಯಿಂದ ಬಂದವಳೇ ನನ್ನನ್ನು ತಬ್ಬಿಕೊಂಡಳು. ಇದರಲ್ಲೇನು ಅಂತ ನೀವು ಕೇಳಬಹುದು. ಸರ್ಪಸುತ್ತು ವಾಸಿಯಾಗಿ ಒಂದೂವರೆ ವರ್ಷವಾದರೂ ಅವಳ ಬಲಪಕ್ಕೆಯಲ್ಲಿ ನರದ ನೋವು ಉಳಿದುಬಿಟ್ಟಿತ್ತು. ಬಟ್ಟೆ ಸೋಕಿದರೆ ಕೆಂಡ ಸೋಕಿದ ಹಾಗೆ ಕಿರುಚುತ್ತಿದ್ದಳು. ಈಗ ಆ ಪಕ್ಕೆಯನ್ನೇ ನನ್ನ ಮೈಗೆ ಒತ್ತಿಕೊಂಡು ನಿಂತಿದ್ದಾಳೆ! ಡ್ರಿಪ್ ಹಾಕಿ ಬೆಳಗಿನ ಹೊತ್ತೆಲ್ಲ ಮಲಗಿಸಿದ್ದರಂತೆ, ಅಷ್ಟೆ. ನನಗೆ ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಕೈಯಲ್ಲಿದ್ದ ಸೌಟು ಎಲ್ಲಿ ಬಿತ್ತೋ ಗೊತ್ತೇ ಆಗಲಿಲ್ಲ.

"ಅಜ್ಜಿ, ಅಪ್ಪ ಅಮ್ಮ ಇಬ್ರೂ ಹೆದರ್ಕೊಂಡ್ ಕೂತಿದ್ರು. ನೀನೊಬ್ಳೇ, ಅವರು ತಿನ್ಬೇಡ ಅನ್ನದೇ ಇದ್ರೆ ತಿಂದ್ಕೊಂಡ್ ಹೋಗು, ಏನನ್ಸಿದ್ರೂ ಬಾಯ್ಬಿಟ್ ಹೇಳು ಅಂದೆ. ಅಲ್ಲೂ ಸಿಸ್ಟರ್ ಅದನ್ನೇ ಹೇಳಿದ್ರು. ನಿಂಗ್ ಹೇಗೆ ಗೊತ್ತಿತ್ತು?" ಅಂದಳು.

ಹೇಳಲು ಹೋದರೆ ಮಾತು ಒಂದರ ಮೇಲೊಂದು ನುಗ್ಗಿ ಬಂದು ಯಾವುದೂ ಸರಿಯಾಗಿ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಚಾಮರಾಜಪೇಟೆಯ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದ ಕಾಲ. ನಮ್ಮ ಮಾವನವರಿಗೆ ಪೇಟೆಯಲ್ಲಿ ಗ್ರಂಧಿಗೆ ಅಂಗಡಿ ಇತ್ತು. ಅಳಲೆಕಾಯಿ, ಬಜೆ, ಹಿಪ್ಪಲಿ, ಲವಂಗ, ವಿಭೂತಿ, ಕರ್ಪೂರ, ಏನು ಬೇಕಾದರೂ ಅಲ್ಲಿ ಸಿಗುತ್ತಿತ್ತು. ಊರವರೆಲ್ಲ ತಮ್ಮ ತಮ್ಮ ಕಾಯಿಲೆಗೆ ಬೇರು ಕಡ್ಡಿ ಕೊಳ್ಳಲು ನಮ್ಮಲ್ಲಿಗೆ ಬರುತ್ತಿದ್ದರು. ಮನೆಯಲ್ಲಿ ಮಾವ, ಅತ್ತೆ, ನನ್ನ ಯಜಮಾನರು, ನಾನು, ಎರಡು ವರ್ಷದ ನನ್ನ ಮಗ.

ಒಂದು ದಿನ ಬೆಳಿಗ್ಗೆ ಅತ್ತೆ ಅಕ್ಕಿರೊಟ್ಟಿ ತಿನ್ನುತ್ತಾ ಕೂತಿದ್ದರು. ಇದ್ದಕ್ಕಿದ್ದ ಹಾಗೆ "ಅಯ್ಯೋ ಶಿವನೇ!" ಎಂದು ಕೂಗಿ ತಟ್ಟೆಯನ್ನು ತಳ್ಳಿಬಿಟ್ಟರು. ಬಲಗೆನ್ನೆಯ ಹತ್ತಿರ ಕೈ ಒಯ್ದರು, ಆದರೆ ಮುಟ್ಟಲಿಲ್ಲ. ಗಾಳಿಯಲ್ಲೇ ಕೈ ನಿಂತಿತ್ತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಉಳಿದಿತ್ತೇನೋ, ಹಲ್ಲು ಮುರಿಯಿತೇನೋ, ಎಲ್ಲ ನನ್ನ ತಲೆಗೇ ಬರುತ್ತದೆ ಎಂದುಕೊಂಡೆ. ಹತ್ತು ಎಣಿಸುವಷ್ಟರಲ್ಲಿ ನೋವು ಹೊರಟುಹೋಯಿತು. ಅತ್ತೆ ನಮ್ಮನ್ನೆಲ್ಲ ನೋಡಿ, "ಕಾಯ್ಸಿದ ಸೂಜೀನ ಕಿವಿ ಹತ್ರದಿಂದ ದವಡೇ ತನಕ ಎಳ್ದಂಗಾಯ್ತು" ಅಂದರು. ಅಷ್ಟು ಹೇಳುವುದರೊಳಗೆ ಇನ್ನೊಂದು ಸಲ ಬಂತು.

ಆಮೇಲೆ ಅದು ಬಿಡಲಿಲ್ಲ. ಲವಂಗದ ಎಣ್ಣೆ ಹಚ್ಚಿದ್ದಾಯಿತು. ಅಂಗಡಿಯ ಡಬ್ಬಗಳೆಲ್ಲ ಒಂದೊಂದಾಗಿ ಮನೆಗೆ ಬಂದವು. ಪೇಟೆಯ ಹಲ್ಲಿನ ಡಾಕ್ಟರೊಬ್ಬರು ಹಲ್ಲಿನದೇ ದೋಷ ಎಂದು ಒಂದು ಹಲ್ಲು ಕಿತ್ತರು. ನೋವು ಹೋಗಲಿಲ್ಲ. ಪಕ್ಕದ್ದು ಕಿತ್ತರು. ಒಟ್ಟು ನಾಲ್ಕು ಹಲ್ಲು, ಕಬ್ಬು ಸಿಗಿಯುತ್ತಿದ್ದ ಗಟ್ಟಿ ಹಲ್ಲುಗಳು, ಬಟ್ಟಲಿಗೆ ಬಿದ್ದವು. ನೋವು ಮಾತ್ರ ಇದ್ದಲ್ಲೇ ಇತ್ತು. ಎಂಟು ತಿಂಗಳಲ್ಲಿ ಅತ್ತೆ ಅರ್ಧದಷ್ಟಾದರು. ಅಗಿದರೆ ನೋವು, ಮುಖ ತೊಳೆದರೆ ನೋವು, ಫ್ಯಾನಿನ ಗಾಳಿ ತಾಗಿದರೆ ನೋವು. ಎಲ್ಲಕ್ಕಿಂತ ಹೆಚ್ಚಾಗಿ ಮಾತಾಡಿದರೆ ನೋವು. ತುಟಿ ಅಲ್ಲಾಡಿದರೆ ಸಾಕು, ಸೂಜಿ ಎಳೆದ ಹಾಗೆ. ಅದಕ್ಕೇ ಮಾತನ್ನೇ ಬಿಟ್ಟರು. ಬೇಕು ಅಂದರೆ ಕೈ ಚಾಚುವುದು, ಬೇಡ ಅಂದರೆ ಹುಬ್ಬು ಗಂಟಿಕ್ಕುವುದು. ನನ್ನ ಮಗ ಅವರ ತೊಡೆ ಏರಲು ಹೋದರೆ ಎಲ್ಲಿ ಕೆನ್ನೆ ಮುಟ್ಟಿಬಿಡುತ್ತಾನೋ ಎಂದು ಎರಡೂ ಕೈ ಅಡ್ಡ ಹಿಡಿಯುತ್ತಿದ್ದರು. ಮಗು ಅಳುತ್ತಿತ್ತು, ಅತ್ತೆಯೂ ಅಳುತ್ತಿದ್ದರು, ಸದ್ದಿಲ್ಲದೆ.

ಬಸವನಗುಡಿಯಲ್ಲಿ ಪರದೇಶದಲ್ಲಿ ಓದಿ ಬಂದ ಡಾಕ್ಟರೊಬ್ಬರು ಸಣ್ಣ ಆಸ್ಪತ್ರೆ ಇಟ್ಟಿದ್ದಾರೆ ಎಂದು ಯಜಮಾನರು ಯಾರಿಂದಲೋ ಕೇಳಿಕೊಂಡು ಬಂದರು. ಜಟಕಾ ಗಾಡಿಯಲ್ಲಿ ಅತ್ತೆಯನ್ನು ಕರೆದುಕೊಂಡು ಹೋದೆವು. ಡಾಕ್ಟರು ಹತ್ತಿಯ ಎಳೆಯೊಂದನ್ನು ತುಟಿಯ ಅಂಚಿಗೆ ತಾಗಿಸಿದರು. ಅತ್ತೆ ಕುರ್ಚಿಯಿಂದ ಹಾರಿಬಿದ್ದರು.

"ಇದು ಹಲ್ಲಿನ ನೋವಲ್ಲಮ್ಮ. ಮುಖದ ನರದ್ದು. ಹಲ್ಲುಗಳು ಪಾಪ ಏನೂ ತಪ್ಪು ಮಾಡಿರ್ಲಿಲ್ಲ" ಅಂದರು ಡಾಕ್ಟರು.

ಮಾವನವರು ತಲೆ ಹಿಡಿದುಕೊಂಡರು. ಡಾಕ್ಟರು ಚಿಕಿತ್ಸೆ ವಿವರಿಸಿದರು. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಜಾತಿಯ ಮದ್ದನ್ನು ಒಂದು ಸೀಸೆ ಉಪ್ಪುನೀರಿಗೆ ಬೆರೆಸಿ, ಕೈಯ ರಕ್ತನಾಳಕ್ಕೆ ತೊಟ್ಟು ತೊಟ್ಟಾಗಿ ಬಿಡುವುದು. ಎರಡು ಮೂರು ಗಂಟೆ ಹಿಡಿಯುತ್ತದೆ. ಎಲ್ಲರಿಗೂ ಆಗುತ್ತದೆ ಅಂತ ಹೇಳುವ ಹಾಗಿಲ್ಲ, ಆದರೆ ಕೆಲವರಿಗೆ ಆ ನರ ಸುಮ್ಮನಾಗುತ್ತದೆ.

ಸೀಸೆ ಎಂಬ ಮಾತು ಕೇಳಿದ್ದೇ ನನ್ನ ಎದೆ ಒಡೆದ ಹಾಗಾಯಿತು. ನಾನು ಆ ತೂಗುವ ಸೀಸೆಯನ್ನು ಒಂದೇ ಸಲ ನೋಡಿದ್ದೆ, ನಮ್ಮ ಊರಲ್ಲಿ ಕಾಲರಾ ಬಂದು ನಮ್ಮ ಸೋದರತ್ತೆ ಹೋದಾಗ. ಸೀಸೆ ಕಟ್ಟಿದರು ಅಂದರೆ ಬಾಯಿಗೆ ನೀರು ಬಿಡುವ ಕಾಲ ಬಂತು ಎಂದೇ ನಾವೆಲ್ಲ ತಿಳಿದಿದ್ದದ್ದು. ಕೂತು ಮಾತು ಕೇಳುತ್ತಿರುವ ಮನುಷ್ಯರಿಗೆ ಸೀಸೆ ಕಟ್ಟುವುದುಂಟೇ? ಮಾವನವರೂ ಬಾಯಿ ತೆರೆದವರು ಮುಚ್ಚಲಿಲ್ಲ. ಅತ್ತೆಯೇ ಎದ್ದು ನಿಂತು, ತುಟಿ ಬಿಡಿಸದೆ, "ಹಾಕ್ಲಿ" ಅಂದರು.

ಮರುವಾರ ಒಂದು ದಿನ ಮಧ್ಯಾಹ್ನ ಊಟವಾದ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಮಾರನೆಯ ಬೆಳಿಗ್ಗೆ ಮದ್ದು. ಹೆಂಗಸರ ಕೋಣೆಯಲ್ಲಿ ನಾಲ್ಕು ಮಂಚ. ಜೊತೆಗೆ ನಾನು ಉಳಿದೆ.

ಇಲ್ಲಿ ನಮ್ಮ ಮನೆಯ ಪದ್ಧತಿ ಒಂದನ್ನು ಹೇಳಬೇಕು. ನಾವು ಲಿಂಗವಂತರು. ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡಿರುತ್ತೇವೆ. ಅತ್ತೆ ಬೆಳಿಗ್ಗೆ ಸಂಜೆ ಸ್ನಾನ ಮಾಡಿ, ಅದನ್ನು ತೆಗೆದು ಎಡ ಅಂಗೈಯ ಮೇಲಿಟ್ಟು, ಬಲಗೈಯಿಂದ ನೀರೆರೆದು ಪತ್ರೆ ಏರಿಸಿ ಪೂಜೆ ಮಾಡುತ್ತಿದ್ದರು. ಪೂಜೆ ಆಗದೆ ಒಂದು ಗುಟುಕು ನೀರೂ ಒಳಗೆ ಹೋಗುವಂತಿಲ್ಲ. ಲಿಂಗವನ್ನು ಹೊರಗಿನವರ ಕಣ್ಣಿಗೆ ಬೀಳಿಸುವಂತೆಯೂ ಇಲ್ಲ. ಎಂಟು ತಿಂಗಳ ನೋವಿನಲ್ಲೂ ಒಂದು ಹೊತ್ತು ತಪ್ಪಿಸಿದವರಲ್ಲ. ಹಣೆಗೆ ವಿಭೂತಿ ಧರಿಸುವಾಗ ಬೆರಳು ಕೆನ್ನೆಯ ಕಡೆ ಜಾರದಂತೆ ಉಸಿರು ಬಿಗಿ ಹಿಡಿಯುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಆಸ್ಪತ್ರೆಯಲ್ಲಿ ಮೂರು ಜನ ಬೇರೆ ಹೆಂಗಸರು, ಬರುವ ಹೋಗುವ ನೆಂಟರು. ಎಲ್ಲಿ ಕೂತು ಪೂಜೆ ಮಾಡುವುದು? ಸಂಜೆಯ ಪೂಜೆ ಆಗಲಿಲ್ಲ. ನಾನು ಮನೆಯಿಂದ ಬಂದ ಗಂಜಿಯನ್ನು ಲೋಟಕ್ಕೆ ಬಗ್ಗಿಸಿದರೆ ಅತ್ತೆ ಹುಬ್ಬು ಗಂಟಿಕ್ಕಿದರು. ಬೆಳಿಗ್ಗೆಯೂ ಹಾಗೇ ಆಯಿತು. ನಾನು ಲೋಟ ಹಿಡಿದು ನಿಂತಿದ್ದೆ. ಅತ್ತೆ ಕಿಟಕಿಯ ಕಡೆ ಬೆರಳು ತೋರಿಸಿದರು. ಹೊರಗೆ ಒಂದು ಕಣಗಿಲೆ ಗಿಡ. ಚೆಲ್ಲು ಅಂತ ಅರ್ಥ. ಚೆಲ್ಲಿದೆ. ಖಾಲಿ ಪಾತ್ರೆಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಡಿಸಿದರು.

ಕೋಲಾರದ ಕಡೆಯ ನರ್ಸಮ್ಮ ಬಂದರು. "ದೊಡ್ಡಮ್ಮ ತಿಂಡಿ ತಿಂದ್ರಾ? ನೀರು ಕುಡಿದ್ರಾ?"

ಅತ್ತೆ ನನ್ನ ಕಡೆ ನೋಡಿದರು. ಆ ನೋಟಕ್ಕೆ ನಾಲ್ಕು ವರ್ಷದಿಂದ ನಾನು ಎದುರಾಡಿದವಳಲ್ಲ.

"ತಿಂದ್ರು ನರ್ಸಮ್ಮ. ಗಂಜಿ ಪೂರಾ ಖಾಲಿ" ಅಂದೆ.

ನರ್ಸಮ್ಮ ಕಾಗದದಲ್ಲಿ ಏನೋ ಬರೆದುಕೊಂಡರು. ಹಿರಿಯರ ಮಾತು ಉಳಿಸಿದೆ ಎಂದು ನನಗೆ ಒಳಗೊಳಗೆ ಸಮಾಧಾನವೇ ಆಯಿತು. ನನ್ನ ಬುದ್ಧಿಗೆ ಏನನ್ನಬೇಕೋ!

ಕಬ್ಬಿಣದ ಕಂಬಕ್ಕೆ ಗಾಜಿನ ಸೀಸೆ ನೇತುಹಾಕಿದರು. ಅದರಿಂದ ಕೆಂಪು ರಬ್ಬರ್ ಕೊಳವೆ ಇಳಿಬಿದ್ದಿತ್ತು. ನಡುವೆ ಗಾಜಿನ ಗುಂಡು, ಅದರೊಳಗೆ ತೊಟ್ಟು ಬೀಳುವುದು ಕಾಣುತ್ತಿತ್ತು. ಕೊಳವೆಗೆ ಒಂದು ತಿರುಪು, ಬಿಗಿ ಮಾಡಿದರೆ ನಿಧಾನ, ಸಡಿಲಿಸಿದರೆ ಜೋರು. ಡಾಕ್ಟರು ಅತ್ತೆಯ ಎಡಗೈ ಎಳೆದುಕೊಂಡರು. ಅತ್ತೆ ಕೈ ಹಿಂದಕ್ಕೆ ಸೆಳೆದುಕೊಂಡರು. ಡಾಕ್ಟರು ಸೂಜಿಗೆ ಹೆದರಿದರು ಎಂದುಕೊಂಡು, "ಒಂದೇ ಸಲಮ್ಮ, ಇರುವೆ ಕಚ್ಚಿದಂಗೆ" ಎಂದು ನಗುತ್ತಾ ಮತ್ತೆ ಅದೇ ಕೈ ಹಿಡಿದರು. ಸೂಜಿ ಚುಚ್ಚಿ, ಕೈ ಅಲ್ಲಾಡದಂತೆ ಮರದ ಪಟ್ಟಿಗೆ ಬಟ್ಟೆಯಿಂದ ಕಟ್ಟಿದರು. ಲಿಂಗವಿಡುವ ಅಂಗೈ ಪಟ್ಟಿಯ ಮೇಲೆ ಮೇಲ್ಮುಖವಾಗಿ ಬರಿದಾಗಿ ಬಿದ್ದಿತ್ತು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ತೊಟ್ಟು ಬೀಳತೊಡಗಿತು. ಡಾಕ್ಟರು ಸ್ವಲ್ಪ ಹೊತ್ತು ನಾಡಿ ಹಿಡಿದಿದ್ದು, ನರ್ಸಮ್ಮನನ್ನು ಬಿಟ್ಟು ಬೇರೆ ರೋಗಿಯ ಬಳಿ ಹೋದರು. ನರ್ಸಮ್ಮನೂ ಪಕ್ಕದ ಮಂಚಕ್ಕೆ ತಿರುಗಿದರು. ಆಗ ಅತ್ತೆ ನನ್ನನ್ನು ಹತ್ತಿರ ಕರೆದು, ಹಲ್ಲು ಕಚ್ಚಿಕೊಂಡೇ, ಉಸಿರಲ್ಲಿ ಕೇಳಿದರು:

"ಲೇ, ಪೂಜೆ ಆಗಿಲ್ಲ. ಈ ನೀರು ಮೈಯೊಳಗೆ ಹೋಗ್ತಿದೆ. ಇದು ನಾನು ಕುಡಿದ ಲೆಕ್ಕಾನೇನೇ?"

ಇಂಥ ಪ್ರಶ್ನೆಗೆ ಮಠದ ಅಯ್ಯನವರು ಉತ್ತರ ಹೇಳಬೇಕು, ನನಗೇನು ಗೊತ್ತು? ಸೀಸೆಯಲ್ಲಿ ಇರುವುದು ನೀರೇ, ಹೋಗುತ್ತಿರುವುದು ಒಳಕ್ಕೇ.

"ಹೌದೇನೋ ಅತ್ತೆ..." ಅಂದುಬಿಟ್ಟೆ.

ಅತ್ತೆಯ ಮುಖ ಬಿಳಿಚಿಕೊಂಡಿತು. ಬಲಗೈ ಕಂಬಳಿಯೊಳಗಿನಿಂದ ಮೆಲ್ಲಗೆ ಬಂದು ರಬ್ಬರ್ ಕೊಳವೆಯನ್ನು ಹಿಡಿಯಿತು. ಅದನ್ನು ಮಡಿಸಿ, ಮುಷ್ಟಿಯಲ್ಲಿ ಒತ್ತಿ, ಮತ್ತೆ ಕಂಬಳಿಯೊಳಗೆ ಎಳೆದುಕೊಂಡರು. ಗಾಜಿನ ಗುಂಡಿನಲ್ಲಿ ತೊಟ್ಟು ನಿಂತಿತು. ನಾನು ಕಣ್ಣಾರೆ ನೋಡಿದೆ, ಸುಮ್ಮನೆ ಕೂತೆ.

ಸ್ವಲ್ಪ ಹೊತ್ತಿಗೆ ನರ್ಸಮ್ಮ ತಿರುಗಿ ನೋಡಿದರು. "ಅರೆ, ಯಾಕ್ ನಿಂತೋಯ್ತು?" ತಿರುಪು ಸಡಿಲಿಸಿದರು. ಬೀಳಲಿಲ್ಲ. ಇನ್ನೂ ಸಡಿಲಿಸಿದರು. ಕೊಳವೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುತ್ತಾ ಕಂಬಳಿಯನ್ನು ಎತ್ತಿದರು. ಅತ್ತೆ ಗಾಬರಿಯಿಂದ ಮುಷ್ಟಿ ಬಿಟ್ಟುಬಿಟ್ಟರು.

ಗುಂಡಿನಲ್ಲಿ ತೊಟ್ಟಲ್ಲ, ಧಾರೆಯೇ ಇಳಿಯಿತು. ನರ್ಸಮ್ಮ ಕಂಬಳಿಯ ಕಡೆ ಬಗ್ಗಿದ್ದವರು ತಲೆ ಎತ್ತುವಷ್ಟರಲ್ಲಿ ಅತ್ತೆ "ಕಿವಿ... ಗಂಟೆ..." ಎಂದು ತೊದಲಿದರು. ತುಟಿ ಅದುರಿತು. ಕಣ್ಣು ಮೇಲಕ್ಕೆ ಹೋಯಿತು. ಕೈಕಾಲು ಎರಡು ಮೂರು ಸಲ ಸೆಳೆದು ಮೈ ಸಡಿಲಾಯಿತು. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ನರ್ಸಮ್ಮ ಕೊಳವೆ ಹಿಸುಕಿ ಹಿಡಿದು "ಡಾಕ್ಟರ್!" ಎಂದು ಕೂಗಿದ್ದು, ಡಾಕ್ಟರು ಚಪ್ಪಲಿ ಬಿಟ್ಟು ಓಡಿ ಬಂದದ್ದು, ದಿಂಬು ಕಿತ್ತೆಸೆದು ಮಂಚದ ಕಾಲ ಕಡೆ ಇಟ್ಟಿಗೆ ಇಡಿಸಿದ್ದು, ಮೂಗಿಗೆ ಗಾಳಿಯ ಕೊಳವೆ ಹಿಡಿದು ತೋಳಿಗೆ ಇಂಜೆಕ್ಷನ್ ಕೊಟ್ಟದ್ದು, ಇಷ್ಟು ಮಾತ್ರ ಚೂರು ಚೂರಾಗಿ ಕಣ್ಣ ಮುಂದೆ ಇದೆ. ಸೋದರತ್ತೆಯ ಸೀಸೆ, ಅತ್ತೆಯ ಸೀಸೆ, ಎರಡೂ ಒಂದೇ ಆಗಿ ತೂಗುತ್ತಿತ್ತು. ಕೊಂದೆ, ನಾನೇ ಕೊಂದೆ ಎಂದು ಗೋಡೆಗೆ ಒರಗಿಬಿಟ್ಟೆ.

ಅತ್ತೆ ಕಣ್ಣು ಬಿಟ್ಟರು. ಕಾಲು ಗಂಟೆಯೋ ಇನ್ನೂ ಹೆಚ್ಚೋ, ನನಗಂತೂ ಒಂದು ಜನ್ಮ.

ಮಾವನವರೂ ಯಜಮಾನರೂ ಅಂಗಡಿ ಮುಚ್ಚಿ ಓಡಿ ಬಂದರು. ಡಾಕ್ಟರು ಅತ್ತೆಯ ಮಂಚದ ಪಕ್ಕದಲ್ಲೇ ನಿಂತು ಅವರಿಗೆ ಹೇಳಿದರು.

"ಪ್ರಾಣಕ್ಕೇನೂ ಅಪಾಯ ಇಲ್ಲ. ಆದ್ರೆ ಈ ಮದ್ದು ಇವರ ಮೈಗೆ ಒಗ್ಗಲ್ಲ ಅಂತ ಕಾಣುತ್ತೆ. ಇಷ್ಟು ಸ್ವಲ್ಪಕ್ಕೇ ಹೀಗಾದ್ರೆ ನಾನು ಇನ್ನೊಂದ್ ಸಲ ಹಾಕೋ ಧೈರ್ಯ ಮಾಡಲ್ಲ. ನಾಳೆ ಮನೆಗೆ ಕರ್ಕೊಂಡ್ ಹೋಗಿ."

"ಬೇರೆ ದಾರಿ?" ಯಜಮಾನರು ಕೇಳಿದರು.

"ತಲೆಬುರುಡೆ ತೆಗೆದು ನರ ಕತ್ತರಿಸೋದು. ಅದೂ ಮದ್ರಾಸಿಗೆ ಹೋಗ್ಬೇಕು. ಇವರಿಗಿರೋ ಈ ನಿತ್ರಾಣಕ್ಕೆ ನಾನಂತೂ ಹೋಗಿ ಅನ್ನಲ್ಲ."

ಅತ್ತೆ ಮಲಗಿದ್ದಲ್ಲಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಕಣ್ಣಿನ ಅಂಚಿನಿಂದ ಒಂದು ಹನಿ ಇಳಿದು ಕೆನ್ನೆಗೆ ತಾಗಿತು. ಅಷ್ಟಕ್ಕೇ ನೋವು ಹೊಡೆದು ಮೈಯೆಲ್ಲ ಬಿಗಿಯಾಯಿತು. ತನ್ನ ಕಣ್ಣೀರೇ ತನಗೆ ಸೂಜಿ! ಮೂಲೆಯಲ್ಲಿ ನರ್ಸಮ್ಮ ಸೆರಗಿನಲ್ಲಿ ಮುಖ ಮುಚ್ಚಿ ನಿಂತಿದ್ದರು.

ಮಾವನವರ ಮುಂದೆ ನಾನು ಬಾಯಿ ತೆರೆದವಳಲ್ಲ. ಅವರು ಬಂದರೆ ಬಾಗಿಲ ಹಿಂದೆ ಸರಿಯುವುದು, ಏನಾದರೂ ಹೇಳಬೇಕಿದ್ದರೆ ಅತ್ತೆಯ ಮೂಲಕ ಹೇಳಿಸುವುದು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಅದೇ ನೋಟ. ಹೇಳಬೇಡ.

"ಡಾಕ್ಟ್ರೇ, ತಪ್ಪಾಯ್ತು" ಅಂದೆ. ನನ್ನ ಗಂಟಲು ಯಾರದೋ ಗಂಟಲಿನಂತೆ ಕೇಳಿಸಿತು.

ಮಾವನವರು ಬೆಚ್ಚಿ ತಿರುಗಿದರು.

"ಏನಮ್ಮ ತಪ್ಪು?" ಅಂದರು ಡಾಕ್ಟರು.

"ಅತ್ತೆ ನಿನ್ನೆ ಮಧ್ಯಾಹ್ನದಿಂದ ಒಂದ್ ತೊಟ್ಟು ನೀರೂ ಕುಡಿದಿಲ್ಲ. ಗಂಜೀನ ನಾನು ಗಿಡಕ್ಕೆ ಚೆಲ್ದೆ. ಸುಳ್ಳು ಹೇಳ್ದೆ."

"ಏನಂದೆ?"

"ಇನ್ನೂ ಇದೆ. ಆ ಕೊಳವೇನ ಅತ್ತೆ ಮಡಚಿ ಹಿಡ್ಕೊಂಡಿದ್ರು. ಅದಕ್ಕೇ ನಿಂತದ್ದು. ನರ್ಸಮ್ಮನಿಗೆ ಗೊತ್ತಾಗದೆ ತಿರುಪು ಬಿಟ್ರು. ಆಮೇಲೆ ಅತ್ತೆ ಕೈ ಬಿಟ್ರು. ಒಟ್ಟಿಗೆ ನುಗ್ಬಿಡ್ತು. ನಾನು ನೋಡ್ತಾ ಕೂತಿದ್ದೆ."

ಡಾಕ್ಟರ ಮುಖ ಕೆಂಪಾಯಿತು. "ಹೆಂಗಸ್ರೇ, ಪ್ರಾಣ ಹೋಗ್ತಿತ್ತು! ನಿಮ್ಮನೇಲಿ ಬುದ್ಧಿ ಹೇಳೋರು ಯಾರೂ ಇಲ್ವಾ?" ಎಂದು ಕೂಗಿದರು. ಉಳಿದ ಮೂರು ಮಂಚದವರೂ ಎದ್ದು ಕೂತರು. ನರ್ಸಮ್ಮ ಸೆರಗು ತೆಗೆದು, "ನಾನು ಕೊಂದೆ ಅಂದ್ಕೊಂಡಿದ್ನಲ್ಲಮ್ಮಾ!" ಎಂದು ಅಳತೊಡಗಿದರು. ನಾನೂ ಅತ್ತುಬಿಟ್ಟೆ. ಯಜಮಾನರು ಯಾರನ್ನು ಸಮಾಧಾನ ಮಾಡಬೇಕೋ ತಿಳಿಯದೆ ನಿಂತಲ್ಲೇ ನಿಂತಿದ್ದರು.

ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಮೊದಲಿಂದ ಕೇಳಿದರು, ಎಷ್ಟು ಹೊತ್ತು ಹಿಡಿದಿದ್ದರು, ತಿರುಪು ಎಷ್ಟು ಬಿಟ್ಟದ್ದು, ಧಾರೆ ಎಷ್ಟು ಹೊತ್ತು ಹೋಯಿತು. ನಾನೂ ನರ್ಸಮ್ಮನೂ ಸೇರಿ ಹೇಳಿದೆವು.

"ಹಾಗಾದ್ರೆ ಇದು ಮದ್ದಿನ ತಪ್ಪಲ್ಲ" ಅಂದರು ಕೊನೆಗೆ. ಬೇರೆಯವರಿಗಲ್ಲ, ತಮಗೇ ಹೇಳಿಕೊಂಡ ಹಾಗೆ.

ಆ ಮಾತಿನ ಬೆಲೆ ಆಗ ಪೂರ್ತಿ ತಿಳಿಯಲಿಲ್ಲ. ನನ್ನ ಕಣ್ಣು ಮಾವನವರ ಮೇಲಿತ್ತು. ಅವರು ಅತ್ತೆಯ ಮಂಚದ ಅಂಚಿಗೆ ಕೂತು, "ಏನೇ ಇದು? ಕೊಳವೆ ಯಾಕೆ ಹಿಡಿದೆ?" ಎಂದು ಕೇಳಿದರು. ಅತ್ತೆ ಕೊರಳಿನ ಕರಡಿಗೆ ತೋರಿಸಿ, ಸೀಸೆ ತೋರಿಸಿ, ಬಾಯಿ ತೋರಿಸಿದರು. ಮಾವನವರಿಗೆ ತಕ್ಷಣ ಅರ್ಥವಾಯಿತು. ಮೂವತ್ತೈದು ವರ್ಷದ ಸಂಸಾರ. ಅವರು ಡಾಕ್ಟರಿಗೆ ವಿವರಿಸಿ ಹೇಳಿದರು.

ಡಾಕ್ಟರು ಅಷ್ಟೂ ಕೇಳಿ, "ಪೂಜೆ ಮಾಡಿ, ಗಂಜಿ ಕುಡಿದು, ಆಮೇಲೆ ಹಾಕಿಸ್ಕೊಂಡ್ರೆ?" ಅಂದರು.

"ಆಗೇನು ತಕರಾರಿಲ್ಲ. ಕುಡಿದ ಲೆಕ್ಕವೇ ಆದ್ರೂ ತಪ್ಪಿಲ್ಲ" ಅಂದರು ಮಾವ.

"ಮತ್ತೆ ಇದನ್ನ ನಿನ್ನೇನೇ ಹೇಳೋಕೇನಾಗಿತ್ರಿ? ಒಂದು ಪರದೆ, ಒಂದು ಬಕೆಟ್ ಬಿಸಿನೀರು. ಅಷ್ಟೇ ತಾನೆ?"

ಅಷ್ಟೇ. ನಿಜವಾಗಿ ಅಷ್ಟೇ! ನಮಗೆ ಯಾರಿಗೂ ಅದು ಕೇಳುವ ವಿಷಯ ಅಂತಲೇ ಹೊಳೆದಿರಲಿಲ್ಲ. ಆಸ್ಪತ್ರೆ ಅಂದರೆ ಅವರು ಹೇಳಿದ್ದಕ್ಕೆ ತಲೆಯಾಡಿಸುವುದು, ನಮ್ಮದನ್ನು ನಾವು ಬಚ್ಚಿಟ್ಟುಕೊಳ್ಳುವುದು, ಇದೇ ಮರ್ಯಾದೆ ಎಂದು ತಿಳಿದಿದ್ದೆವು.

ಎರಡು ದಿನ ಚೆನ್ನಾಗಿ ಉಣಿಸಿ, ಕುಡಿಸಿ, ಆಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರು. ಆ ಎರಡು ದಿನವೂ ಅಲ್ಲೇ ಪರದೆಯ ಮರೆಯಲ್ಲಿ ಅತ್ತೆಯ ಪೂಜೆ ನಡೆಯಿತು. ನನ್ನ ಕಡೆ ಮಾತ್ರ ಅವರು ತಿರುಗಲಿಲ್ಲ. ಗಂಜಿ ಹಿಡಿದರೆ ಗೋಡೆ ನೋಡುತ್ತಾ ಕುಡಿಯುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲು ಅವರಿಗೆ ಬಾಯಿ ಇರಲಿಲ್ಲ, ನನಗೆ ಬೈಸಿಕೊಳ್ಳುವ ಪುಣ್ಯ ಇರಲಿಲ್ಲ.

ಮೂರನೆಯ ಬೆಳಿಗ್ಗೆಯೂ ನರ್ಸಮ್ಮ ಹಸಿರು ಬಟ್ಟೆಯ ಪರದೆಯನ್ನು ಮಂಚದ ಸುತ್ತ ನಿಲ್ಲಿಸಿದರು. ಬಿಸಿನೀರು ಬಂತು. ಮಾವನವರು ಪತ್ರೆ ತಂದಿದ್ದರು. ಡಾಕ್ಟರು ಹೊರಗೆ ಸ್ಟೂಲಿನ ಮೇಲೆ ಕೂತು, ಗಡಿಯಾರ ನೋಡುತ್ತಾ, ಶಾಲೆಯ ಮಗುವಿನಂತೆ ಪಿಸುಗುಟ್ಟಿದರು, "ಆಯ್ತಾ?" ನಾನು ಇಲ್ಲವೆಂದು ತಲೆಯಾಡಿಸಿದೆ. ಮತ್ತೆ ಕೂತರು. ಪೂಜೆಯಾಯಿತು, ಗಂಜಿಯಾಯಿತು, ಎರಡು ಲೋಟ ನೀರಾಯಿತು.

"ಎಡಗೈ ಬೇಡ, ಕಾಲಿಗೆ ಹಾಕೋಣ" ಅಂದರು ಡಾಕ್ಟರು ಒಳಗೆ ಬಂದು. ಅತ್ತೆ ಎಡಗೈಯನ್ನು ತಾವಾಗಿಯೇ ಮುಂದೆ ಚಾಚಿದರು. ಪೂಜೆ ಮುಗಿದಿತ್ತಲ್ಲ, ಕೈ ಬಿಡುವಾಗಿತ್ತು.

ಈ ಸಲ ಡಾಕ್ಟರು ಏನೇನಾಗುತ್ತದೆ ಎಂದು ಮೊದಲೇ ಹೇಳಿದರು. ಅತ್ತೆಗೆ ಮಾತು ಕಷ್ಟ ಎಂದು ಬೆರಳಿನ ಲೆಕ್ಕ ಮಾಡಿಕೊಟ್ಟರು.

"ಮೊದಲು ಕೈಯೊಳಗೆ ತಣ್ಣಗೆ ಏರುತ್ತೆ, ಒಂದ್ ಬೆರಳು ಎತ್ತಿ. ಆಮೇಲೆ ನಾಲಿಗೆ ಮೇಲೆ ಕಬ್ಬಿಣ ನೆಕ್ಕಿದ ರುಚಿ, ಎರಡು ಬೆರಳು. ತುಟಿ ಜುಮ್ ಅಂದ್ರೆ ಮೂರು. ಕಿವೀಲಿ ಗುಂಯ್ ಅಂದ್ರೆ ನಾಲ್ಕು, ನಾಲ್ಕು ಎತ್ತಿದ ಕೂಡ್ಲೇ ನಾನು ನಿಲ್ಲಿಸ್ತೀನಿ. ತಲೆ ಹಗುರಾಗುತ್ತೆ, ನಿದ್ದೆ ಬರುತ್ತೆ, ಹೆದರ್ಬೇಡಿ. ಸುಳ್ಳು ಬೆರಳು ಮಾತ್ರ ಎತ್ತಬೇಡಿ!"

ಕೊನೆಯ ಮಾತಿಗೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ತೊಟ್ಟು ಇಳಿಯಿತು. ಡಾಕ್ಟರು ಮಂಚ ಬಿಟ್ಟು ಅಲ್ಲಾಡಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡುವುದು, ನಾಡಿ ಹಿಡಿಯುವುದು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು. ಒಂದು ಬೆರಳು ಎದ್ದಿತು. ಎಷ್ಟೋ ಹೊತ್ತಿನ ಮೇಲೆ ಎರಡು. ಅತ್ತೆ ಮುಖ ಕಿವುಚಿ ನಾಲಿಗೆ ಚಪ್ಪರಿಸಿದರು. ಕಬ್ಬಿಣದ ರುಚಿ ಬಂದಿರಬೇಕು. ಮೂರನೆಯ ಬೆರಳು ಎತ್ತಿದಾಗ ನನ್ನ ಜೀವ ಬಾಯಿಗೆ ಬಂತು. ಡಾಕ್ಟರು ತಿರುಪು ಬಿಗಿ ಮಾಡಿದರು. ಬೆರಳು ಇಳಿಯಿತು. ನಾಲ್ಕನೆಯದು ಏಳಲೇ ಇಲ್ಲ. ಅತ್ತೆ ನಿದ್ದೆ ಹೋದರು. ನಾನು ಅವರ ಎದೆ ಏರಿಳಿಯುವುದನ್ನೇ ನೋಡುತ್ತಾ, ಸೀಸೆ ಖಾಲಿಯಾಗುವವರೆಗೆ ಕೂತಿದ್ದೆ.

ಮಧ್ಯಾಹ್ನ ಎಚ್ಚರವಾದಾಗ ಒಂದು ಅಚಾತುರ್ಯ ನಡೆಯಿತು. ನರ್ಸಮ್ಮ ಎಲ್ಲ ರೋಗಿಗಳಿಗೂ ಒರೆಸುವ ಹಾಗೆ ಒದ್ದೆ ಬಟ್ಟೆಯಿಂದ ಅತ್ತೆಯ ಮುಖವನ್ನು ಒರೆಸಿಬಿಟ್ಟರು. ಬಲಗೆನ್ನೆಯನ್ನೂ. ಒರೆಸಿದ ಮೇ‌ಲೆ ನೆನಪಾಗಿ, ಬಟ್ಟೆ ಕೈಯಲ್ಲೇ ಹಿಡಿದು ಕಲ್ಲಾದರು. ಅತ್ತೆಯೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಹೊಡೆತಕ್ಕೆ ಕಾದರು.

ಬರಲಿಲ್ಲ.

ಅತ್ತೆ ಒಂದು ಕಣ್ಣು ಬಿಟ್ಟರು. ಕೈ ಎತ್ತಿ ಕೆನ್ನೆಯ ಹತ್ತಿರ ಒಯ್ದರು. ಗಾಳಿಯಲ್ಲಿ ನಿಲ್ಲಿಸಿದರು. ಆಮೇಲೆ ಒಂದು ಬೆರಳು ತಾಗಿಸಿದರು. ಅಂಗೈ ಇಟ್ಟರು. ಒತ್ತಿದರು. ಎಂಟು ತಿಂಗಳಿಂದ ಯಾರೂ ಮುಟ್ಟದ ಆ ಕೆನ್ನೆಯನ್ನು ರೊಟ್ಟಿಯ ಹಿಟ್ಟು ನಾದುವ ಹಾಗೆ ನಾದಿದರು. ಮಾತು ಮಾತ್ರ ಅತ್ತೆ ಆಡಲಿಲ್ಲ. ಆಡಿದರೆ ಎಲ್ಲಿ ನೋವು ಎದ್ದುಬಿಡುತ್ತದೋ ಎಂಬ ಭಯ ಇದ್ದಿರಬೇಕು.

ಮಾರನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು ಮುಚ್ಚಿಡದೆ ಹೇಳಿದರು. "ಇದು ಬೇರು ಸಮೇತ ಹೋಗಿಲ್ಲ. ಒಂದು ವಾರವೋ ಒಂದು ತಿಂಗಳೋ ಸುಮ್ನಿರಬಹುದು. ಬಂದ್ರೆ ಬನ್ನಿ, ಮತ್ತೆ ಹಾಕೋಣ." ಹಾಗೇ ಆಯಿತು. ಮುಂದೆ ಎರಡು ವರ್ಷದಲ್ಲಿ ಐದಾರು ಸಲ ಹೋಗಿ ಬಂದೆವು. ಕೆಲವು ಸಲ ತಿಂಗಳುಗಟ್ಟಲೆ ಆರಾಮ, ಒಂದು ಸಲ ನಾಲ್ಕೇ ದಿನ. ಅದನ್ನೂ ಮೊಮ್ಮಗಳಿಗೆ ಹೇಳಿದ್ದೇನೆ, ಕುಣಿದಾಡುವಾಗಲೇ ತಿಳಿದಿರಲಿ ಅಂತ. ಆದರೆ ನಾನು ಹೇಳಬೇಕಾದದ್ದು ಮೊದಲನೆಯ ಸಲ ಮನೆಗೆ ಬಂದ ದಾರಿಯ ಕಥೆ.

ಜಟಕಾದಲ್ಲಿ ಯಜಮಾನರು ಮುಂದೆ ಗಾಡಿಯವನ ಪಕ್ಕ ಕೂತರು. ಅತ್ತೆಯೂ ನಾನೂ ಹಿಂದೆ. ಆಷಾಢದ ಗಾಳಿ ಎದುರಿನಿಂದ ಬೀಸುತ್ತಿತ್ತು. ನಾನು ಶಾಲು ಹಿಡಿದು ಮರೆ ಮಾಡಲು ಹೋದರೆ ಅತ್ತೆ ಅದನ್ನು ತಳ್ಳಿಹಾಕಿ ಗಾಳಿಗೆ ಮುಖ ಒಡ್ಡಿದರು. ಗಾಡಿ ಸ್ವಲ್ಪ ದೂರ ಹೋಯಿತು.

"ಲೇ" ಅಂದರು ಅತ್ತೆ.

ಬಾಯಿ ಪೂರ್ತಿ ತೆರೆದು ಅಂದ "ಲೇ". ಯಜಮಾನರು ತಿರುಗಿ ನೋಡಿದರು.

"ಮಾವನ ಮುಂದೆ ಹಂಗೆ ಬಾಯಿ ತೆಗೆಯೋಕೆ ನಾಚ್ಕೆ ಆಗ್ಲಿಲ್ವಾ ನಿಂಗೆ?"

ಅತ್ತೆ ಒಂದು ಗಳಿಗೆ ತಡೆದರು, ನೋವು ಬರುತ್ತದೆಯೋ ಎಂದು ನೋಡುವವರಂತೆ. ಬರಲಿಲ್ಲ. ಮುಂದೆ ಅಣೆಕಟ್ಟು ಒಡೆಯಿತು.

"ನಾನು ಕಣ್ಣಲ್ಲಿ ಬೇಡ ಅಂತ ಬಡ್ಕೋತಿದೀನಿ, ಇವಳು ಊರಿಗೆಲ್ಲ ಡಂಗುರ ಹೊಡೀತಾಳೆ! ಗಂಜಿ ಚೆಲ್ದೆ, ಸುಳ್ಳು ಹೇಳ್ದೆ, ಅತ್ತೆ ಕೊಳವೆ ಹಿಡಿದ್ರು... ಆ ಮೂರು ಮಂಚದೋರು ಮನೆಗೆ ಹೋಗಿ ಏನಂತಾರೆ? ಗಂಜಿ ಚೆಲ್ಲು ಅಂದ್ರೆ ಪಾತ್ರೆ ಸಮೇತ ಅಲ್ಲಾಡಿಸಿ ಕಿಟಕಿಗೆಲ್ಲ ಮೆತ್ತಿದೀಯ, ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ? ಮತ್ತೆ ನಾನು ಕುಡಿದ ಲೆಕ್ಕಾನಾ ಅಂತ ಕೇಳಿದ್ರೆ, ಹೌದೇನೋ ಅಂತಾಳೆ! ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ನೋಕೆ ಏನು ರೋಗ? ನಿಮ್ಮಪ್ಪನ ಮನೇಲಿ ಇದನ್ನೇ ಕಲ್ಸಿದ್ದಾ?"

"ಅಮ್ಮಾ, ಸಾಕಮ್ಮ, ದಣಿವಾಗುತ್ತೆ" ಅಂದರು ಯಜಮಾನರು ಗಾಬರಿಯಿಂದ.

"ನೀನು ಕುದುರೆ ನೋಡ್ಕೊಂಡು ಕೂತ್ಕೋ. ಎಂಟು ತಿಂಗಳಿಂದ ಹೊಟ್ಟೇಲಿಟ್ಕೊಂಡಿದೀನಿ."

ನಾನು ಅಳುತ್ತಿದ್ದೆ, ನಗುತ್ತಿದ್ದೆ, ಎರಡೂ ಒಟ್ಟಿಗೇ ಬರುತ್ತಿತ್ತು. ಎಷ್ಟು ಉದ್ದದ ಮಾತು! ಒಂದರ ಹಿಂದೆ ಒಂದು, ನಡುವೆ ಒಂದು ಮುಲುಕಿಲ್ಲ, ಒಂದು ಬೆಚ್ಚುವಿಕೆ ಇಲ್ಲ. ಬೈಯಿರಿ ಅತ್ತೆ, ಇನ್ನೂ ಬೈಯಿರಿ ಎಂದು ನನ್ನ ಜೀವ ಕುಣಿಯುತ್ತಿತ್ತು.

"ಏನೇ ಅದು? ಅಳ್ತೀಯೋ, ನಗ್ತೀಯೋ? ಯಾವುದಾದ್ರೂ ಒಂದ್ ಮಾಡು!"

"ಆಗ್ತಿಲ್ಲ ಅತ್ತೆ" ಅಂದೆ.

ಅತ್ತೆ ನನ್ನ ತಲೆಗೆ ಒಂದು ಮೊಟಕಿದರು. ಮೊಟಕಿದ ಕೈ ಅಲ್ಲೇ ತಲೆಯ ಮೇಲೆ ಉಳಿಯಿತು. ಬೈಗುಳ ಮಾತ್ರ ನಿಲ್ಲಲಿಲ್ಲ. ನನ್ನ ಜಡೆಗೆ ಬಂತು, ಅಡಿಗೆಗೆ ಬಂತು, ಎಂಟು ತಿಂಗಳಲ್ಲಿ ನಾನು ಸುರಿದ ಎಣ್ಣೆಗೆ, ಸೀಯಿಸಿದ ಹಾಲಿಗೆ ಎಲ್ಲಕ್ಕೂ ಬಂತು. ಚಾಮರಾಜಪೇಟೆ ಬಂದು, ನಮ್ಮ ಬೀದಿ ಬಂದು, ಮನೆಯ ಮುಂದೆ ಗಾಡಿ ನಿಂತರೂ ಅತ್ತೆ ಇಳಿಯಲಿಲ್ಲ. ಜಟಕಾದವನು ಎರಡು ಸಲ ಹಿಂದೆ ತಿರುಗಿ ನೋಡಿದ. ಆಮೇಲೆ ಕೆಳಗಿಳಿದು, ಕುದುರೆಯ ಮುಂದೆ ಒಂದು ಹಿಡಿ ಹುಲ್ಲು ಹಾಕಿ, ಬೀಡಿ ಹಚ್ಚಿಕೊಂಡು ಕಾಯುತ್ತಾ ನಿಂತ.